ಕೆರೆಗೆ ಬೆನ್ನು ಹಾಕಿ ಕುಂತವರು

ಇಂಥ ಮಾತು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನಗುವುದಷ್ಟೇ ಅಲ್ಲ, ಹೇಳಿದವರ ಬಾಯಿ ಮುಚ್ಚಿಸುತ್ತಿದ್ದೆ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು; ದೆವ್ವ, ಗಾಳಿ, ಮಾಟ ಎನ್ನುವ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಅದರ ಮೇಲೆ ನಾನು ಬಿ.ಎಸ್ಸಿ., ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಅವ್ವ ಮಂದಿಯ ಹೊಲದಲ್ಲಿ ಕಳೆ ತೆಗೆದು, ಕಬ್ಬಿನ ಒಣ ಗರಿಯ ರವದಿ ಎತ್ತಿ ಓದಿಸಿದಳು. ನಾನು ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಚಿಕ್ಕೋಡಿಗೆ ಹೋಗಿ ಬಂದೆ. ಆ ಡಿಗ್ರಿಯ ಬಗ್ಗೆ ನನಗೆ ಹೆಮ್ಮೆಯಿತ್ತು, ಈಗಲೂ ಇದೆ. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನೀವು ನನ್ನನ್ನು ಹಗುರಾಗಿ ತಿಳಿಯಬಾರದೆಂದು.

ನಮ್ಮೂರು ರಾಯಬಾಗ ತಾಲೂಕಿನಲ್ಲಿ, ಚಿಂಚಲಿ ರಸ್ತೆಯಿಂದ ಒಳಗೆ. ಊರ ಹೊರಗೆ ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಊರ ಜಮೀನು. ಅದರ ನಡುವೆ ಒಂದು ಹಳೆಯ ಕೆರೆ. ನಾನು ಹುಟ್ಟುವ ಮೊದಲೇ ಅದು ಹೂಳು ತುಂಬಿ ಸತ್ತಿತ್ತು. ಉಳಿದದ್ದು ಒಡ್ಡು ಮತ್ತು ಜಾಲಿಕಂಟಿ ಅಷ್ಟೇ. 2010ರ ಆಸುಪಾಸಿನಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರಿ ಪ್ರತಿ ರವಿವಾರ ಅಲ್ಲಿಗೆ ಹೋಗತೊಡಗಿದೆವು. ಕಂಟಿ ಕಡಿದೆವು, ಮಳೆಗಾಲದಲ್ಲಿ ಬೇವು, ಹೊಂಗೆ, ಅತ್ತಿ, ನೇರಳೆ ಹಚ್ಚಿದೆವು. ಗಿಡ ಬಂದರೆ ಹಕ್ಕಿ ಬರುತ್ತವೆ, ಹುಲ್ಲು ಬರುತ್ತದೆ, ದನಕ್ಕೆ ನೆರಳಾಗುತ್ತದೆ ಎಂಬ ಆಸೆ.

ಆದರೆ ಆ ಜಮೀನಿನ ಮಣ್ಣು ಇಟ್ಟಂಗಿ ಭಟ್ಟಿಯವರಿಗೂ ಬೇಕಿತ್ತು. ಪಂಚಾಯ್ತಿಯಲ್ಲಿ ಜಗಳಾಡಿ ನಾನು ಒಂದು ಮಾತು ಪಡೆದಿದ್ದೆ. "ಒಂದ ಬ್ಯಾಸಿಗಿ ನೋಡೂನು ತಂಗಿ. ಗಿಡ ಉಳದ್ರ ಗಾಯರಾಣ ಹಂಗ ಇರ್ಲಿ. ಒಣಗಿದ್ರ ಮಣ್ಣ ಎತ್ತಾಕ ಬಿಡ್ತೇವಿ. ಆಮ್ಯಾಲ ತಕರಾರು ತರಬ್ಯಾಡ" ಎಂದಿದ್ದರು ಚೇರಮನ್ನರು.

ಫೆಬ್ರುವರಿಗೆ ಗಿಡ ಬಾಡತೊಡಗಿದವು. ಊರಿನಿಂದ ಕೊಡ ಹೊತ್ತು ಎಷ್ಟಂತ ಹಾಕುವುದು? ಅಲ್ಲೇ ಒಂದು ಗುಂಡಿ ತೋಡಿ ನೀರು ತೆಗೆಯೋಣ ಎಂದೆ. ಜಮೀನಿನ ಲೆಕ್ಕ ಇಡುವ ತಲಾಟಿಯ ಕಡೆಯಿಂದ ಹಳೆಯ ನಕಾಶೆಯ ಪ್ರತಿ ತಂದು, ಕೆರೆಯ ಅತಿ ಆಳದ ಜಾಗ ಗುರುತಿಸಿ ಸುಣ್ಣ ಹಾಕಿದೆ. ಮೂರು ರವಿವಾರ ಅಗೆದೆವು. ಆಳುದ್ದ ಹೋದರೂ ಒಣ ಮಣ್ಣೇ.

ಅಗೆಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದವರು ಮಾರುತಿ ಕಾಕಾ. ಮೇಲಿನ ಓಣಿಯ ಒಕ್ಕಲಿಗರು, ಎಪ್ಪತ್ತು ದಾಟಿತ್ತು, ಅಗೆಯುವ ಕಬ್ಬಿಣದ ಹಾರಿ ಹಿಡಿದರೆ ಹುಡುಗರು ನಾಚಬೇಕು. ಚಾಷ್ಟಿ ಮಾಡುವುದರಲ್ಲೂ ಮುಂದೆ. "ಬಿಯೆಸ್ಸಿ ಬಾಯಾರ, ನಿಮ್ಮ ಸರ್ಟಿಫಿಕೇಟ್ ಒಂದಿಷ್ಟ ಇದರಾಗ ಒಗೀರಿ, ನೀರ ಬರ್ತಾವೇನ ನೋಡೂನು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಾಕಾನ ಕಡೆ ಮತ್ತೆ ನೋಡದೆ ಮಣ್ಣಿನ ಬುಟ್ಟಿ ಎತ್ತಿಕೊಂಡೆ.

ನಾಲ್ಕನೆಯ ರವಿವಾರ. ಮಧ್ಯಾಹ್ನ ಎಲ್ಲರೂ ನೆರಳಿಗೆಂದು ಕಡಿಯದೆ ಬಿಟ್ಟಿದ್ದ ಜಾಲಿಯ ಕೆಳಗೆ ರೊಟ್ಟಿ ಬಿಚ್ಚಿದರು. ನನಗೆ ಊಟ ಸೇರಲಿಲ್ಲ. ಒಡ್ಡು ದಾಟಿ ಆ ಕಡೆ ಕಂಟಿಯೊಳಗೆ ಹೋದೆ, ಸುಮ್ಮನೆ, ಯಾರ ಮುಖವೂ ಕಾಣಬಾರದೆಂದು.

ಅಲ್ಲಿ ಆರೇಳು ಹೆಣ್ಣುಮಕ್ಕಳು ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಂತಿದ್ದರು. ಒಡ್ಡಿಗೆ ಬೆನ್ನು. ಒಬ್ಬೊಬ್ಬರ ಮುಂದೆ ಒಂದೊಂದು ಮಣ್ಣಿನ ಕೊಡ. ಕಟ್ಟಿಗೆಗೆ ಬಂದ ಬೇರೆ ಊರಿನವರು ಎಂದುಕೊಂಡೆ. ವಿಚಿತ್ರ ಅನಿಸಿದ್ದು ಒಂದೇ: ಕೊಡ ಹಿಡಿದ ಹೆಂಗಸರು ನಾಲ್ಕು ಮಂದಿ ಸೇರಿದರೆ ಮಾತು ನಿಲ್ಲುವುದಿಲ್ಲ, ಇವರು ಪಿಟ್ಟೆನ್ನುತ್ತಿರಲಿಲ್ಲ. "ಇಲ್ಲಿ ನೀರ ಇಲ್ರೀ ಯಕ್ಕಾರ" ಎಂದೆ. ಯಾರೂ ತಿರುಗಲಿಲ್ಲ. ಕಡೆಯಲ್ಲಿ ಕುಂತಿದ್ದವಳು ಮಾತ್ರ ಒಂದಿಷ್ಟು ಸರಿದಳು, ಬಸ್ಸಿನಲ್ಲಿ ಜಾಗ ಕೊಡುತ್ತಾರಲ್ಲ ಹಾಗೆ. ತನ್ನ ಬದಿಯ ನೆಲವನ್ನು ಅಂಗೈಯಿಂದ ಎರಡು ಸಲ ತಟ್ಟಿದಳು.

ನಾನು ಕುಂತೆ. ಆ ಬಿಸಿಲಿನಲ್ಲಿ ನೆಲ ತಣ್ಣಗಿತ್ತು. ಹೆದರಿಕೆ ಆಗಲಿಲ್ಲ. ಯಾವುದಕ್ಕೋ ಕಾಯುತ್ತಿದ್ದೇನೆ, ನನ್ನ ಪಾಳಿ ಇನ್ನೂ ಬಂದಿಲ್ಲ ಎನಿಸಿತು. ಎಷ್ಟು ಹೊತ್ತೋ ಗೊತ್ತಿಲ್ಲ. ನಮ್ಮ ಜೊತೆಗಾರ ಸಲೀಮ, ಪಂಕ್ಚರ್ ಅಂಗಡಿಯವನು, ಒಡ್ಡಿನ ಮೇಲಿಂದ "ಅಕ್ಕಾ, ರೊಟ್ಟಿ ಆರಾಕತ್ತಾವು, ಬರ್ರಿ" ಎಂದು ಕೂಗಿದ. ಹೊರಳಿ ನೋಡಿ ಮತ್ತೆ ಈ ಕಡೆ ತಿರುಗಿದೆ. ಯಾರೂ ಇರಲಿಲ್ಲ.

ಸಲೀಮನಿಗೆ ನನ್ನೊಬ್ಬಳನ್ನು ಬಿಟ್ಟು ಯಾರೂ ಕಂಡಿರಲಿಲ್ಲವಂತೆ. "ಎಲ್ಲಿ ಕುಂತಿದ್ರಿ ಅಕ್ಕಾ? ಡ್ರೆಸ್ಸಿಗೆ ಹಸಿ ಮಣ್ಣ ಹತ್ತೈತಿ" ಎಂದ. ಮುಟ್ಟಿ ನೋಡಿಕೊಂಡೆ. ನಿಜ.

ಹೆಂಗಸರ ಮಾತು ಯಾರಿಗೂ ಹೇಳಲಿಲ್ಲ. ಎಲ್ಲರನ್ನೂ ಕರೆತಂದು, ನಾನು ಕುಂತಿದ್ದ ಜಾಗ ತೋರಿಸಿ "ಇಲ್ಲಿ ಅಗೀರಿ" ಎಂದೆ ಅಷ್ಟೇ. "ನಕಾಶಿ ಬಿಟ್ಟು ಈಗ ಮನಸಿಗೆ ಬಂದಲ್ಲಿ ಅಗಿಯೂದೇನ?" ಎನ್ನುತ್ತಲೇ ಕಾಕಾ ಹಾರಿ ಹಾಕಿದರು. ಮೊಣಕಾಲು ಆಳಕ್ಕೆ ಒಡೆದ ಕೊಡದ ಚೂರು ಬಂದವು, ಬುಟ್ಟಿಗಟ್ಟಲೆ. ಅದರ ಕೆಳಗೆ ದುಂಡಗೆ ಜೋಡಿಸಿದ ಕಲ್ಲು. ಕಾಕಾನ ಚಾಷ್ಟಿ ಅಲ್ಲಿಗೆ ನಿಂತಿತು. ಹಾರಿ ಕೆಳಗಿಟ್ಟು, ನನ್ನ ಮುಖ ನೋಡದೆ ಕೇಳಿದರು: "ಈ ಗುಂಡಿ ಇಲ್ಲೈತಿ ಅಂತ ನಿಮ್ಮವ್ವ ಹೇಳಿದ್ಲೇನವಾ?"

"ಇಲ್ರೀ ಕಾಕಾ."

"ಮತ್ತ ಯಾರ ಹೇಳಿದ್ರು?"

ನಾನು ಬಗ್ಗಿ ಕೊಡದ ಚೂರು ಆರಿಸತೊಡಗಿದೆ. ಕಾಕಾ ಮತ್ತೆ ಹಾರಿ ಎತ್ತಿಕೊಂಡರು. ಹೊತ್ತು ಮುಳುಗುವಷ್ಟರಲ್ಲಿ ಕಲ್ಲಿನ ನಡುವೆ ಗೇಣುದ್ದ ನೀರು ನಿಂತಿತ್ತು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹೆಂಗಸರು ಸಾಲಾಗಿ ಕುಂತಿದ್ದು, ಜಾಗ ಕೊಟ್ಟಿದ್ದು, ನೀರು ಬಂದದ್ದು ಹೇಳಿದೆ. ಅವಳ ಕೈ ನಿಂತಿತು. "ಕೆರಿಗೆ ಬೆನ್ನ ಹಾಕಿ ಕುಂತಿದ್ರೇನ?" ಎಂದಳು. ಆ ಒಂದು ಮಾತು ನಾನು ಹೇಳಿರಲಿಲ್ಲ.

"ಹಂಗ ಕುಂದರಬೇಕಾಗಿತ್ತು. ಕೆರಿ ನಾವು ಮುಟ್ಟುವಂಗಿರಲಿಲ್ಲ. ಒಡ್ಡಿನ ಆಚಿ ಬಸಿ ನೀರಿನ ಗುಂಡಿ ನಮ್ದು. ಮ್ಯಾಲಿನ ಓಣ್ಯಾವರು ಕೆರ್ಯಾಗ ನೀರ ತುಂಬುವಾಗ ನಾವು ಅವರ ಕಡೆ ನೋಡಬಾರದು. ಅವರೆಲ್ಲಾ ಹ್ವಾದ ಮ್ಯಾಲ ನಮ್ಮ ಪಾಳಿ. ನಮ್ಮತ್ತಿ, ಅಂದ್ರ ನಿಮ್ಮಾಯಿ, ಯಾವತ್ತೂ ಕಡೀಕ ಕುಂದರಾಕಿ. ಹೊಸದಾಗಿ ಬಂದ ಸೊಸೆದೇರಿಗೆ ಸರದು ಜಾಗಾ ಕೊಡಾಕಿ. ನನಗೂ ಕೊಟ್ಟಿದ್ಲು."

"ನನಗ್ಯಾಕ ಒಂದಿನಾನೂ ಹೇಳ್ಲಿಲ್ಲಬೇ?"

"ಸಾಲಿ ಕಲಿಯಾಕ ಹೊಂಟಾಕಿ ನೀ. ಆ ಗುಂಡಿ ನಿನ್ನ ತಲ್ಯಾಗ ಯಾಕ ತುಂಬಲಿ ಅಂತ ಬಿಟ್ನಿ" ಎಂದು ಅವ್ವ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಒಡ್ಡಿನ ಕೆಳಗೆ ಬಸಿ ನೀರು ಉಳಿದಿರುವುದು ಸಹಜ, ಅದನ್ನು ನಾನೇ ನಿಮಗೆ ಚಿತ್ರ ಬರೆದು ತಿಳಿಸಿಕೊಡಬಲ್ಲೆ. ಎಳೆಯವಳಿದ್ದಾಗ ಯಾರಾದರೂ ಆಡಿದ ಮಾತು ಕಿವಿಗೆ ಬಿದ್ದಿರಬಹುದು ಎಂದೂ ಯೋಚಿಸಿದ್ದೇನೆ. ಆದರೆ ಆ ಸಾಲು, ಆ ಬೆನ್ನು, ನೆಲ ತಟ್ಟಿದ ಆ ಅಂಗೈ? ಓದಿದ ಯಾವ ಪುಸ್ತಕದಿಂದಲೂ ಇದಕ್ಕೆ ಉತ್ತರ ತೆಗೆಯಲು ನನಗೆ ಆಗಿಲ್ಲ. ನಾನು ಆಯಿಯನ್ನು ಕಂಡವಳಲ್ಲ, ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ.

ಗಿಡ ಉಳಿದವು. ಪಂಚಾಯ್ತಿಯವರು ಮಾತು ಉಳಿಸಿಕೊಂಡರು. ಈಗ ಅತ್ತಿಯ ಮೇಲೆ ಹಕ್ಕಿ ಗದ್ದಲ ಹಾಕುತ್ತವೆ, ಆ ಗುಂಡಿಯ ನೀರನ್ನು ಎಲ್ಲರ ದನವೂ ಕುಡಿಯುತ್ತವೆ. ಊರಿಗೆ ಹೋದಾಗಲೆಲ್ಲ ನಾನು ಮಧ್ಯಾಹ್ನ ಅಲ್ಲಿ ಕುಂತು ಬರುತ್ತೇನೆ. ಕೆರೆಗೆ ಮುಖ ಮಾಡಿ ಕುಂದರುತ್ತೇನೆ. ಬದಿಯಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟಿರುತ್ತೇನೆ.