ರಿಬ್ಬನ್ ಕಟ್ಟಿದ ಉಸಿರಿನ ಯಂತ್ರ

ಫೋಟೋ ಸ್ಟುಡಿಯೋ ಇಟ್ಟುಕೊಂಡವನು ದೊಡ್ಡ ಮನುಷ್ಯನಾಗುವುದು ಸುಲಭವಲ್ಲ. ದೊಡ್ಡ ಮನುಷ್ಯರೆಲ್ಲ ಅವನ ಮುಂದೆ ಬಂದು ಕೂರುತ್ತಾರೆ, ಗದ್ದ ಎತ್ತು ಎಂದರೆ ಎತ್ತುತ್ತಾರೆ, ಇಳಿಸು ಎಂದರೆ ಇಳಿಸುತ್ತಾರೆ, ಎದ್ದು ಹೊಸ್ತಿಲು ದಾಟಿದ ಮೇಲೆ ಅವನ ಮುಖವನ್ನೇ ಮರೆಯುತ್ತಾರೆ. ಸ್ಮೈಲಣ್ಣನಿಗೆ ಈ ಸಂಕಟ ಬಹಳ ವರ್ಷ ಇತ್ತು. "ಸ್ಮೈಲ್, ಸ್ಮೈಲ್" ಎಂದು ಕೂಗಿ ಕೂಗಿ ಅಂಟಿಕೊಂಡ ಹೆಸರು ಅದು. ಹೆತ್ತವರು ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಸೇವಾ ಕ್ಲಬ್ಬಿನವರು ಅವನನ್ನು ಸದಸ್ಯನಾಗಿ ಸೇರಿಸಿಕೊಂಡು ಎದೆಗೆ ಬ್ಯಾಡ್ಜ್ ಚುಚ್ಚಿದ ದಿನ ಆ ಸಂಕಟ ತೀರಿತು.

ಕ್ಲಬ್ಬು ಸೇರುತ್ತಿದ್ದದ್ದು ಗುರುವಾರ ಸಂಜೆ, ಹೋಟೆಲಿನ ಮಹಡಿಯ ಹಾಲಿನಲ್ಲಿ. ಅಧ್ಯಕ್ಷರು ಕೊರಳಿಗೆ ಪದಕದ ಹಾರ ಹಾಕಿಕೊಂಡು ಹಿತ್ತಾಳೆಯ ಜಾಗಟೆ ಬಾರಿಸಿದರೆ ಸಭೆ ಶುರು. ಎಲ್ಲರೂ ಎದ್ದು ಎದೆಯ ಮೇಲೆ ಕೈಯಿಟ್ಟು "ನನಗಿಂತ ಮೊದಲು ನನ್ನ ನೆರೆಯವನು" ಎಂಬ ಪ್ರತಿಜ್ಞೆ ಹೇಳುವರು. ಆಮೇಲೆ ಕಣ್ಣಿನ ತಪಾಸಣೆ ಎಲ್ಲಿ, ರಕ್ತದಾನ ಯಾವಾಗ, ಗಾಲಿಕುರ್ಚಿ ಯಾರಿಗೆ ಎಂಬ ಚರ್ಚೆ. ನಡುನಡುವೆ ನಗಿಸಲಿಕ್ಕೆ ಒಬ್ಬ ದಂಡಾಧಿಕಾರಿ ಇದ್ದ, ವಿಮೆಯ ಏಜೆಂಟ. ಬ್ಯಾಡ್ಜ್ ಮರೆತವರು, ತಡವಾಗಿ ಬಂದವರು, ಸಭೆಯಲ್ಲಿ ಆಕಳಿಸಿದವರು, ಯಾರನ್ನು ಹಿಡಿದರೂ ಅವನ ದಂಡ ಒಂದೇ: ಎದ್ದು ನಿಂತು ಒಂದು ಹಾಡು ಹೇಳಬೇಕು. ಹೆಂಚಿನ ವ್ಯಾಪಾರಿಯಾದ ಅಧ್ಯಕ್ಷರೇ ಎರಡು ಸಲ ಹಾಡಿ ಎಲ್ಲರ ಕಿವಿ ಕೆಡಿಸಿದ್ದರು. ಕೆಟ್ಟ ಜನರೇನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲು ನನಗೆ ಮನಸ್ಸು ಬಾರದೇ ಹೋದೀತು.

ಸ್ಮೈಲಣ್ಣ ಸದಸ್ಯನಾದದ್ದಕ್ಕೆ ಒಂದು ಕಾರಣವಿತ್ತು. ಒಮ್ಮೆ ನದಿ ಉಕ್ಕಿ ತಗ್ಗಿನ ಬೀದಿಗಳು ಮುಳುಗಿದಾಗ ಕ್ಲಬ್ಬಿನವರು ಮುನ್ನೂರು ಕಂಬಳಿ ಹೊತ್ತು, ಮೊಣಕಾಲುದ್ದದ ನೀರಿನಲ್ಲಿ ನಡೆದು ಹಂಚಿ ಬಂದರು. ಯಾರೂ ಫೋಟೋ ತೆಗೆಯಲಿಲ್ಲ. ಆ ವರ್ಷದ ಅತ್ಯುತ್ತಮ ಸೇವೆಯ ಫಲಕ ಇಪ್ಪತ್ತು ಕಂಬಳಿ ಕೊಟ್ಟು ಇಪ್ಪತ್ತು ಫೋಟೋ ಕಳಿಸಿದ ಪಕ್ಕದ ಕ್ಲಬ್ಬಿಗೆ ಹೋಯಿತು. ಇವರಿಗೆ, ಸುತ್ತಲಿನ ಕ್ಲಬ್ಬುಗಳಿಗೆಲ್ಲ ಮೇಲಿನದಾದ ವಲಯದ ಕಚೇರಿಯಿಂದ "ಸಾಕ್ಷ್ಯವಿಲ್ಲ" ಎಂಬ ಒಂದು ಸಾಲಿನ ಪತ್ರ ಬಂತು. ಆ ಪತ್ರ ಓದಿದ ಸಭೆಗೆ ಬರೀ ಫೋಟೋದವನಾಗಿ ಬಂದು ಗೋಡೆಗೆ ಒರಗಿ ನಿಂತಿದ್ದ ಸ್ಮೈಲಣ್ಣ, "ಫೋಟೋ ಇಲ್ದಿದ್ರೆ ಸೇವೇನೇ ಇಲ್ಲ ಅಂದ್ಕೊಳ್ಳಿ ಸಾರ್" ಎಂದ. ಜನ ಚಪ್ಪಾಳೆ ಹೊಡೆದರು. ಮಾತು ನಡಾವಳಿ ಪುಸ್ತಕಕ್ಕೆ ಏರಿತು, ಅವನು ಸದಸ್ಯರ ಪಟ್ಟಿಗೆ ಏರಿದ. ಅಂದಿನಿಂದ ಕ್ಲಬ್ಬಿನ ಯಾವ ವಸ್ತುವೂ ಕ್ಯಾಮೆರಾದ ಮುಂದಲ್ಲದೆ ಕೈ ಬದಲಾಯಿಸಲಿಲ್ಲ. ಅವನೇ ನಿಯಮವನ್ನೂ ಮಾಡಿದ. ಪೆಟ್ಟಿಗೆ ಒಡೆದಿರಬಾರದು, ರಿಬ್ಬನ್ ಕಟ್ಟಿರಬೇಕು, ಹಿಂದೆ ಬ್ಯಾನರ್ ಕಾಣಬೇಕು, ತೆಗೆದುಕೊಳ್ಳುವವರು ವಸ್ತುವನ್ನು ನೋಡದೆ ಕ್ಯಾಮೆರಾ ನೋಡಬೇಕು. ಬ್ಯಾನರು, ರಿಬ್ಬನ್ನು, ಬಂದ ಸಾಮಾನು ಎಲ್ಲವೂ ಅವನ ಸ್ಟುಡಿಯೋದ ಹಿಂಕೋಣೆಯಲ್ಲೇ ಇರುತ್ತಿದ್ದವು.

ಆ ಹಿಂಕೋಣೆಗೆ ಒಂದು ಮಂಗಳವಾರ ಬಂದಿಳಿದದ್ದು ಮೊಣಕಾಲೆತ್ತರದ ಒಂದು ಪೆಟ್ಟಿಗೆ. ಒಳಗೆ ಸುತ್ತಲಿನ ಗಾಳಿಯಿಂದ ಆಮ್ಲಜನಕ ಸೋಸಿ ನಳಿಕೆಯಲ್ಲಿ ಮೂಗಿಗೆ ಕೊಡುವ ಯಂತ್ರ. ವಲಯದಿಂದ ಕ್ಲಬ್ಬಿಗೆ ಸಿಕ್ಕಿದ್ದು ಒಂದೇ. ಅರ್ಜಿ ಹಾಕಿದವರಲ್ಲಿ ಯಾರ ಉಸಿರು ಎಷ್ಟು ಕೆಟ್ಟಿದೆ ಎಂದು ಡಾಕ್ಟರು ಬರೆದುಕೊಟ್ಟ ಕ್ರಮದಲ್ಲಿ ಮೊದಲ ಹೆಸರು ಸ್ಮೈಲಣ್ಣನ ಅಕ್ಕನದು, ಎರಡನೆಯದು ಬಸ್ ಡಿಪೋ ಹಿಂದಿನ ಓಣಿಯ ನಿವೃತ್ತ ಕಂಡಕ್ಟರನದು.

ಅಕ್ಕ ಎಂದರೆ ಹೆಸರಿಗೆ ಅಕ್ಕ. ಅಮ್ಮ ಸತ್ತಾಗ ಇವನಿಗೆ ಆರು ವರ್ಷ, ಅವಳಿಗೆ ಹದಿನೈದು. ದಿಂಬು ಹಾಸಿಗೆ ಮಾಡುವ ಕಾರ್ಖಾನೆಯಲ್ಲಿ ಹತ್ತಿ ಹಿಂಜಿ ತುಂಬುವ ಕೆಲಸಕ್ಕೆ ಸೇರಿದವಳು ಮೂವತ್ತನಾಲ್ಕು ವರ್ಷ ಅದನ್ನೇ ಮಾಡಿದಳು. ಸಂಜೆ ಬರುವಾಗ ಹುಬ್ಬಿನ ಮೇಲೆಲ್ಲ ಬಿಳಿ ನಾರು. "ಅಜ್ಜಿ ಬಂದ್ಳು, ಅಜ್ಜಿ ಬಂದ್ಳು" ಎಂದು ಇವನು ಕುಣಿದರೆ ಕಿವಿ ಹಿಂಡಿ, ಆಮೇಲೆ ಊಟಕ್ಕಿಡುತ್ತಿದ್ದಳು. ಇವನ ಮೊದಲ ಕ್ಯಾಮೆರಾ ಅವಳು ಒಂದು ವರ್ಷ ರಜೆಯಿಲ್ಲದೆ ದುಡಿದ ಫಲ. ಮದುವೆಯ ಮಾತು ಎತ್ತಿದವರಿಗೆ "ಇವನೊಬ್ಬ ದಡ ಸೇರಲಿ" ಎನ್ನುತ್ತಿದ್ದಳು. ಇವನು ದಡ ಸೇರಿದ, ಹೆಂಡತಿಯನ್ನೂ ತಂದ. ಅಕ್ಕನಿಗೆ ಉಳಿದದ್ದು ಕಿಟಕಿ ಪಕ್ಕದ ಮಂಚ, ಮತ್ತು ಎದೆಯೊಳಗೆ ಸೇರಿಕೊಂಡ ಆ ಹತ್ತಿ. ಆಸ್ಪತ್ರೆಯವರು ಎರಡು ಸಲ ಸೇರಿಸಿಕೊಂಡು, ಮನೆಯಲ್ಲಿ ಯಂತ್ರ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಯಂತ್ರಗಳೆಲ್ಲ ಹೊರಗೆ ಹೋಗಿದ್ದವು. ಸರತಿಯಲ್ಲಿ ಇವರ ಮುಂದೆ ಆರು ಜನ.

ಪೆಟ್ಟಿಗೆ ಬಂದ ದಿನ ಸ್ಮೈಲಣ್ಣ ಅದಕ್ಕೆ ಕೆಂಪು ರಿಬ್ಬನ್ ಕಟ್ಟಿ, ಧೂಳು ಕೂರದಂತೆ ಪರದೆ ಹೊದಿಸಿ ಮನೆಗೆ ಹೋದ. ಹಸ್ತಾಂತರ ಭಾನುವಾರ, ವಲಯದ ಅಧ್ಯಕ್ಷರ ಕೈಯಿಂದ. ನಡುವೆ ನಾಲ್ಕೇ ದಿನ.

"ಏನೋ, ನಿನ್ನ ಕ್ಲಬ್ಬಿನ ಗಾಳಿ ಎಲ್ಲೀವರೆಗೆ ಬಂತು?" ಎಂದಳು ಅಕ್ಕ. ಎರಡು ಪದಕ್ಕೊಮ್ಮೆ ನಿಲ್ಲಿಸಿ ಮಾತಾಡುತ್ತಿದ್ದಳು.

"ದಾರೀಲಿದೆ ಅಕ್ಕ."

ಈ ಸುಳ್ಳು ಯಾಕೆ ಬಂತು ಎಂದು ಅವನಿಗೇ ತಿಳಿಯಲಿಲ್ಲ. ಅಂಗಡಿಯಲ್ಲೇ ಇದೆ ಎಂದರೆ ತರಬೇಕಾಗುತ್ತದೆ. ತಂದರೆ ಪೆಟ್ಟಿಗೆ ಒಡೆಯಬೇಕಾಗುತ್ತದೆ. ಒಡೆದರೆ, ಮನೆಯವರಿಗೆ ಒಂದು ನ್ಯಾಯ ಊರವರಿಗೆ ಒಂದು ನ್ಯಾಯ ಎಂದು ಕ್ಲಬ್ಬಿನ ನಲವತ್ತು ಜನ ಹೇಳುತ್ತಾರೆ. ನಾಲ್ಕು ದಿನ ತಾನೇ, ಎಂದುಕೊಂಡ.

ಶನಿವಾರ ಫೋನು ಬಂತು. ವಲಯದ ಅಧ್ಯಕ್ಷರ ಕಣ್ಣುರೆಪ್ಪೆಯ ಮೇಲೆ ಕುರು ಎದ್ದಿದೆಯಂತೆ. ಆ ಕಣ್ಣಿಟ್ಟುಕೊಂಡು ಫೋಟೋಕ್ಕೆ ನಿಲ್ಲುವುದಿಲ್ಲವಂತೆ. ಕಾರ್ಯಕ್ರಮ ಮುಂದಿನ ಭಾನುವಾರ.

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ," ಎಂದಳು ಅಕ್ಕ ಸುದ್ದಿ ಕೇಳಿ. "ನಿಮ್ಮ ಯಂತ್ರಕ್ಕೂ ಒಬ್ಬ ಪೂಜಾರಿ ಇದಾನೆ ಅಂತಾಯ್ತು." ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಸ್ಮೈಲಣ್ಣ ಅವಳ ಬೆನ್ನು ನೀವುತ್ತ ಗೋಡೆ ನೋಡುತ್ತಿದ್ದ.

ಸೋಮವಾರದಿಂದ ಅವಳಿಗೆ ಮಲಗಲಾಗಲಿಲ್ಲ. ಕೂತೇ ಇರಬೇಕು, ಮುಂದೆ ದಿಂಬಿಟ್ಟುಕೊಂಡು ಅದರ ಮೇಲೆ ಬಾಗಿ. ಬುಧವಾರ ಉಗುರುಗಳು ನೀಲಿಯಾದವು. ಡಾಕ್ಟರು ಬಂದು ನೋಡಿ, "ಆಸ್ಪತ್ರೇಲಿ ಹಾಸಿಗೆ ಖಾಲಿ ಇಲ್ಲ. ಯಂತ್ರ ಎಲ್ಲಿಂದಾದ್ರೂ ಇವತ್ತೇ ತನ್ನಿ" ಎಂದು ಹೇಳಿ ಹೋದರು. ಹೆಂಡತಿ ಅವನನ್ನು ಅಡುಗೆಮನೆಗೆ ಕರೆದು, "ಊರಿಗೆ ಉಪಕಾರಿ, ಮನೆಗೆ ಮಾರಿ ಆಗ್ಬೇಡಿ. ಹೋಗಿ ಕೇಳ್ರಿ. ಕಾಲು ಹಿಡೀರಿ ಬೇಕಾದ್ರೆ," ಎಂದಳು.

ಗುರುವಾರ ಜಾಗಟೆ ಮೊಳಗಿತು, ಪ್ರತಿಜ್ಞೆ ಮುಗಿಯಿತು. ಶಾಲೆಯ ಕುಡಿಯುವ ನೀರಿನ ತೊಟ್ಟಿಗೆ ಯಾವ ಬಣ್ಣ ಎಂಬ ಚರ್ಚೆ ಅರ್ಧ ಗಂಟೆ ನಡೆಯಿತು. ಸ್ಮೈಲಣ್ಣ ಎದ್ದು ನಿಂತ.

"ಸಾರ್, ಆ ಯಂತ್ರ... ಅಕ್ಕಂಗೆ ಈಗ್ಲೇ ಬೇಕು ಸಾರ್. ಇವತ್ತೇ ತಗೊಂಡು ಹೋಗ್ತೀನಿ. ಭಾನುವಾರ ಮತ್ತೆ ಪೆಟ್ಟಿಗೇಲಿಟ್ಟು ತರ್ತೀನಿ."

ಅಧ್ಯಕ್ಷರು ನೊಂದ ಮುಖ ಮಾಡಿಕೊಂಡರು. ನೋವು ನಿಜವಾದದ್ದೇ. "ಅಯ್ಯೋ, ನಿಮ್ಮ ಅಕ್ಕ ನಮ್ಮ ಅಕ್ಕ ಇದ್ದ ಹಾಗೆ. ಆದ್ರೆ ಒಡೆದ ಪೆಟ್ಟಿಗೆ ಫೋಟೋದಲ್ಲಿ ಗೊತ್ತಾಗುತ್ತೆ ಅಂತ ನಮಗೆ ಹೇಳಿಕೊಟ್ಟೋರೇ ನೀವು. ಸದಸ್ಯರ ಮನೆಗೆ ಮೊದ್ಲೇ ಹೋಯ್ತು ಅಂತ ಮೇಲಿನವರಿಗೆ ಗೊತ್ತಾದ್ರೆ ಮುಂದಿನ ವರ್ಷ ಇದೂ ಇಲ್ಲ. ಎರಡೇ ದಿನ, ಶುಕ್ರ, ಶನಿ. ಭಾನುವಾರ ಬೆಳಿಗ್ಗೆ ನಾನೇ ಕಾರು ಕಳಿಸ್ತೀನಿ."

ಸ್ಮೈಲಣ್ಣ ಇನ್ನೂ ನಿಂತೇ ಇದ್ದ. ಸಭೆಗೆ ಮುಜುಗರವಾಯಿತು. ಮುಜುಗರ ಕಳೆಯುವುದೇ ವಿಮೆಯ ಏಜೆಂಟನ ಕೆಲಸವಲ್ಲವೇ, ಅವನು ಮೇಜು ಕುಟ್ಟಿದ.

"ವಿಷಯಪಟ್ಟೀಲಿ ಇಲ್ಲದ್ದು ಮಾತಾಡಿದ್ದಕ್ಕೆ ದಂಡ! ಒಂದು ಹಾಡು!"

ಎಲ್ಲರೂ ಹಗುರಾಗಿ ನಕ್ಕರು, ಚಪ್ಪಾಳೆ ತಟ್ಟಿದರು. ಮತ್ತು ಸ್ಮೈಲಣ್ಣ ಹಾಡಿದ. ಎರಡು ಸಾಲು ಹಾಡಿ ಕೂತ. ಎದ್ದು ಹೊರಗೆ ನಡೆಯಬಹುದಿತ್ತು, ಜಾಗಟೆ ಎತ್ತಿ ಯಾರ ತಲೆಗಾದರೂ ಹಾಕಬಹುದಿತ್ತು. ಹಾಡಿದ. ಅಷ್ಟು ವರ್ಷ ಗೋಡೆಗೆ ಒರಗಿ ನಿಂತವನಿಗೆ ಸಿಕ್ಕ ಕುರ್ಚಿಯನ್ನು ಬಿಡಲಾಗಲಿಲ್ಲ. ಅವನನ್ನು ಬೈಯಬೇಕೆಂದು ಎಷ್ಟು ಸಲ ಬಾಯಿ ತೆರೆದರೂ ನನಗೆ ಆ ಹಾಡೇ ಕೇಳಿಸುತ್ತದೆ.

ಮರುದಿನ ಬೆಳಿಗ್ಗೆ ಅಕ್ಕನಿಗೆ ಮಾತಾಡುವಷ್ಟೂ ಉಸಿರಿರಲಿಲ್ಲ. ಅವನ ಮುಖ ನೋಡಿ, ಹೋಗಿ ಬಾ ಎಂಬಂತೆ ಒಂದು ಬೆರಳು ಎತ್ತಿದಳು. ಸ್ಮೈಲಣ್ಣ ಸ್ಟುಡಿಯೋಗೆ ಓಡಿದ. ಇವತ್ತು ಆದದ್ದಾಗಲಿ ಎಂದು ಪರದೆ ಎಳೆದ, ಬ್ಲೇಡು ಹಿಡಿದು ಪೆಟ್ಟಿಗೆಯ ಮುಂದೆ ಮಂಡಿಯೂರಿದ. ರಿಬ್ಬನ್ ಬಿಚ್ಚಿದ. ಅಂಟುಪಟ್ಟಿಗೆ ಬ್ಲೇಡು ತಾಗಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಪಕ್ಕಾ ಆಯ್ತು!" ಎಂದರು ಅಧ್ಯಕ್ಷರು. "ಕಣ್ಣು ವಾಸಿಯಾಗಿದೆಯಂತೆ. ಭಾನುವಾರ ಹತ್ತು ಗಂಟೆ. ಇನ್ನು ಚಿಂತೆ ಬೇಡ. ಅಕ್ಕಂಗೆ ಒಳ್ಳೆ ಬಟ್ಟೆ ಹಾಕಿ ರೆಡಿ ಮಾಡಿ."

"ಆಯ್ತು ಸಾರ್," ಎಂದ ಸ್ಮೈಲಣ್ಣ.

ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ಒಬ್ಬರು ಬಂದರು. ಅವನು ಬ್ಲೇಡನ್ನು ಮೇಜಿನ ಮೇಲಿಟ್ಟು, ಅವರನ್ನು ಕೂರಿಸಿ, ದೀಪ ಹಾಕಿ, ಗದ್ದ ಸ್ವಲ್ಪ ಕೆಳಗೆ ಎಂದ. ಆಮೇಲೆ ಇನ್ನಿಬ್ಬರು ಬಂದರು. ಅವರು ಹೋದ ಮೇಲೆ ಒಳಗೆ ಹೋಗಿ ರಿಬ್ಬನ್ನನ್ನು ಮೊದಲಿನ ಹಾಗೆಯೇ ಗಂಟು ಹಾಕಿದ. ಮಧ್ಯಾಹ್ನ ಎರಡೂವರೆಗೆ ಹೆಂಡತಿ ಫೋನು ಮಾಡಿದಳು. ಅವಳ ದನಿ ಕೇಳಿದ ಮೇಲೆ ಪದಗಳು ಬೇಕಾಗಲಿಲ್ಲ.

ಶನಿವಾರ ಬೆಳಿಗ್ಗೆ ಮಣ್ಣು ಮಾಡಿ ಬಂದ ಮೇಲೆ ಕ್ಲಬ್ಬಿನವರು ಹನ್ನೆರಡು ಜನ ಹೂವಿನ ಹಾರ ಹಿಡಿದು ಮನೆಗೆ ಬಂದರು. ಖಾಲಿ ಮಂಚದ ಮುಂದೆ ಎರಡು ನಿಮಿಷ ಮೌನ ನಿಂತರು. ವಿಮೆಯ ಏಜೆಂಟ ಮಕ್ಕಳ ಹಾಗೆ ಅತ್ತುಬಿಟ್ಟ. ಹೊರಡುವಾಗ ಅಧ್ಯಕ್ಷರು ಸ್ಮೈಲಣ್ಣನ ಹೆಗಲ ಮೇಲೆ ಕೈಯಿಟ್ಟರು.

"ಹೇಗೆ ಹೇಳಬೇಕೋ ಗೊತ್ತಾಗ್ತಿಲ್ಲ. ನಾಳೆ ಪ್ರೋಗ್ರಾಮ್ ಸರಳವಾಗಿ ಮಾಡೋಣ, ಬರೀ ಫೋಟೋ. ಎರಡನೇ ಹೆಸರು ಆ ಕಂಡಕ್ಟರಂದು. ಅವರಿಗೊಂದು ಸುದ್ದಿ ಮುಟ್ಟಿಸಬೇಕು. ಯಂತ್ರ ಹೇಗೂ ಹನ್ನೊಂದು ದಿನದಿಂದ ನಿಮ್ಮ ಅಂಗಡೀಲೇ ಭದ್ರವಾಗಿದೆ."

ಬಾಗಿಲ ಬಳಿ ನೀರಿನ ಲೋಟಗಳನ್ನು ಎತ್ತುತ್ತಿದ್ದ ಹೆಂಡತಿ ಹಾಗೇ ನಿಂತಳು.

"ಅಂಗಡೀಲಿತ್ತಾ?"

ಅವಳು ಗಂಡನನ್ನೇ ನೋಡಿದಳು. ಲೋಟಗಳನ್ನು ಒಂದೊಂದಾಗಿ ನೆಲದ ಮೇಲಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ಮೈಲಣ್ಣ ಎರಡು ಸಲ ಬಾಗಿಲು ತಟ್ಟಿ, ಮೂರನೆಯ ಸಲ ತಟ್ಟಲಾರದೆ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಸ್ಟುಡಿಯೋದಿಂದ ಎತ್ತಿಕೊಂಡ ಪೆಟ್ಟಿಗೆ ಅವನು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಆಟೋ ಡಿಪೋ ಹಿಂದಿನ ಓಣಿಯೊಳಗೆ ಹೋಗುವುದಿಲ್ಲ ಎಂದಾಗ ಹೊಟ್ಟೆಗೆ ಆನಿಸಿಕೊಂಡು ಹೊತ್ತ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಅದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೆಜ್ಜೆಗೊಮ್ಮೆ ತಾನೇ ಹೇಳಿಕೊಳ್ಳುತ್ತಿದ್ದ.

ಕಂಡಕ್ಟರನ ಮನೆ ಒಂದೇ ಕೋಣೆ. ಮನುಷ್ಯ ಗೋಡೆಗೆ ದಿಂಬು ಒಡ್ಡಿ, ಮುಂದಕ್ಕೆ ಬಾಗಿ ಕೂತಿದ್ದ. ಆ ಕೂತ ರೀತಿ ಸ್ಮೈಲಣ್ಣನಿಗೆ ಗೊತ್ತಿತ್ತು. ಕಂಡಕ್ಟರನ ಹೆಂಡತಿ ರಿಬ್ಬನ್ ಕಟ್ಟಿದ ಪೆಟ್ಟಿಗೆ ನೋಡಿ ಗಡಬಡಿಸಿ ಎದ್ದಳು. "ನಾಳೆ ಅಲ್ವಾ ಸಾರ್? ಯಾರೋ ಫೋನ್ ಮಾಡಿ, ನಾಳೆ ಹಾಲಿಗೇ ಬರ್ಬೇಕು ಅಂದ್ರು."

ಅವನು ಪೆಟ್ಟಿಗೆ ನೆಲಕ್ಕಿಳಿಸಿದ. ಹಲ್ಲಿನಿಂದಲೇ ಅಂಟುಪಟ್ಟಿ ಕಿತ್ತ. ಯಂತ್ರ ಹೊರತೆಗೆದು, ಒಳಗಿದ್ದ ಕಾಗದದಲ್ಲಿ ಬರೆದಂತೆ ಬಾಟಲಿಗೆ ನೀರು ತುಂಬಿ, ನಳಿಕೆ ಜೋಡಿಸಿ, ಫ್ಯಾನಿನ ಪ್ಲಗ್ಗು ಕಿತ್ತು ಇದರದ್ದು ಹಾಕಿದ. ಯಂತ್ರ ಗುಂಯ್ಗುಟ್ಟಿತು. ನಳಿಕೆಯ ತುದಿಯನ್ನು ಅವನು ಮೂಗಿಗೆ ಸೊಟ್ಟಗೆ ಸಿಕ್ಕಿಸಿದ, ಕಂಡಕ್ಟರನೇ ಹಿಡಿದು ಸರಿಮಾಡಿಕೊಂಡ. ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಕಳೆದ ಮೇಲೆ ಆ ಮನುಷ್ಯನ ಹೆಗಲು ಇಳಿಯಿತು, ತಲೆ ನಿಧಾನಕ್ಕೆ ಹಿಂದಕ್ಕೆ ದಿಂಬಿಗೆ ಒರಗಿತು. ಇಷ್ಟೇ ಕೆಲಸ. ಇಷ್ಟಕ್ಕೆ ಒಂದು ಗಂಟೆ ಸಾಕಾಗಿತ್ತು. ಸ್ಮೈಲಣ್ಣ ಒಡೆದ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಸಿದು ಕೂತ.

ಕಂಡಕ್ಟರನ ಹೆಂಡತಿ ಅಷ್ಟರಲ್ಲಿ ಬಾಚಣಿಗೆ ಒದ್ದೆ ಮಾಡಿಕೊಂಡು ಬಂದು ಗಂಡನ ತಲೆ ಬಾಚುತ್ತಿದ್ದಳು. ಅಂಗಿಯ ಮೇಲಿನ ಗುಂಡಿ ಹಾಕಿದಳು. ತಾನೂ ಮುಖ ಒರೆಸಿಕೊಂಡು ಗಂಡನ ಪಕ್ಕ ನೆಟ್ಟಗೆ ನಿಂತಳು.

"ಫೋಟೋ ಇಲ್ಲೇ ತೆಗೀತೀರಾ ಸಾರ್? ಇಲ್ಲಿ ಬೆಳಕು ಸಾಲುತ್ತಾ?"

"ಫೋಟೋ ಇಲ್ಲಮ್ಮ."

ಅವಳ ಮುಖದ ಬಣ್ಣ ಇಳಿಯಿತು. ಯಂತ್ರಕ್ಕೂ ಅವನಿಗೂ ನಡುವೆ ಬಂದು ನಿಂತು, ಒಂದು ಕೈಯಲ್ಲಿ ನಳಿಕೆ ಹಿಡಿದುಕೊಂಡಳು.

"ಹಾಗಂದ್ರೆ ವಾಪಸ್ ತಗೊಂಡು ಹೋಗ್ತೀರಾ? ಬೇಡ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ನಾಳೆ ಹಾಲಿಗೆ ಬರ್ತೀವಿ. ಇವರನ್ನ ಎತ್ಕೊಂಡಾದ್ರೂ ಬರ್ತೀನಿ. ನೀವು ಹೇಳಿದ ಕಡೇನೇ ನೋಡ್ತೀವಿ."

ಇಲ್ಲ, ಇದು ನಿಮ್ಮದೇ, ಯಾರೂ ತೆಗೆದುಕೊಂಡು ಹೋಗುವುದಿಲ್ಲ ಎಂದು ಹೇಳಲು ಸ್ಮೈಲಣ್ಣ ಬಾಯಿ ತೆರೆದ. ಬಂದದ್ದು ಅಳು. ಅವನು ಯಾಕೆ ಅಳುತ್ತಿದ್ದಾನೆಂದು ಅವಳಿಗೆ ತಿಳಿಯಲಿಲ್ಲ. ಅವನು ಎದ್ದು ಹೋಗುವವರೆಗೂ ಅವಳು ನಳಿಕೆ ಬಿಡಲಿಲ್ಲ.