ನೀಲಿ ಬಳಿದ ಕೈಗಳು

ಹೋದ ತಿಂಗಳು ಮದುವೆಯೊಂದಕ್ಕೆ ಬೆಂಗಳೂರಿಗೆ ಹೊರಟಿದ್ದೆವು. ರಾಮನಗರ ದಾಟುವಾಗ ಬಸ್ಸಿನ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ರೇಷ್ಮೆಗೂಡು ಬೇಯುವ ವಾಸನೆ. ಕುದಿನೀರಿನಲ್ಲಿ ಗೂಡಿನೊಳಗಿನ ಹುಳು ಬೆಂದು ಬಿಡುವ ಆ ಕಮಟು ನಾತ. ಸೊಸೆ ಮೂಗಿಗೆ ಕರವಸ್ತ್ರ ಹಿಡಿದು, "ಅಬ್ಬಾ, ಕಿಟಕಿ ಮುಚ್ಚಿ ಅತ್ತೆ" ಅಂದಳು. ನಾನು ಮುಚ್ಚಲಿಲ್ಲ. ನನ್ನ ಎರಡೂ ಕೈಗಳು ಅಷ್ಟರಲ್ಲಿ ತಾವಾಗಿಯೇ ಸೆರಗಿನೊಳಗೆ ಸೇರಿಕೊಂಡಿದ್ದವು. ಎಂಬತ್ತು ದಾಟಿದವಳ ಕೈಗಳು... ಯಾರಿಂದ ಅಡಗಿಕೊಂಡವೋ!

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಮನೆ ಆಗ ಕುಂಬಾರಕೊಪ್ಪಲಿನಲ್ಲಿತ್ತು. ಎತ್ತಿನ ಗಾಡಿ ಹೊಡೆಯುತ್ತಿದ್ದ ಅಪ್ಪ ಸೊಂಟ ಬಿದ್ದು ಮನೆ ಹಿಡಿದ ಮೇಲೆ ನಾನು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದಕ್ಕೆ ಸೇರಿದೆ. ಫಿಲೇಚರ್ ಅನ್ನುತ್ತಿದ್ದೆವು. ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ಬೇಸಿನ್ನುಗಳು, ಒಂದೊಂದರಲ್ಲೂ ಹಬೆಯಾಡುವ ನೀರು, ನೀರಿನ ಮೇಲೆ ತೇಲುವ ಗೂಡು. ಬೆರಳಲ್ಲಿ ತಡಕಿ ಎಳೆಯ ತುದಿ ಹಿಡಿದು, ನಾಲ್ಕಾರು ಎಳೆ ಕೂಡಿಸಿ, ತಿರುಗುವ ರಾಟೆಗೆ ಏರಿಸಬೇಕು. ಬೆಳಗಿನಿಂದ ಸಂಜೆಯವರೆಗೂ ಕೈ ನೀರಿನಲ್ಲೇ.

ನನ್ನ ಪಕ್ಕದ ಬೇಸಿನ್ನಿನಲ್ಲಿ ಕೂರುತ್ತಿದ್ದವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅಣ್ಣನ ಸಂಸಾರ ಹಳ್ಳಿಯಲ್ಲಿ. ಇವಳೊಬ್ಬಳೇ ನಮ್ಮ ಹಿಂದಿನ ಬೀದಿಯಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದಳು. ಲಿಂಗಾಯತರ ಹೆಂಗಸು. ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ವಿಭೂತಿ. ಕೆಲಸದಲ್ಲಿ ಎಷ್ಟು ಚುರುಕೆಂದರೆ ನನ್ನ ಎಳೆ ಕಡಿದಾಗಲೆಲ್ಲ ತನ್ನ ರಾಟೆ ನಿಲ್ಲಿಸದೆಯೇ ಈಚೆ ಬಾಗಿ ಕೂಡಿಸಿಬಿಡುತ್ತಿದ್ದಳು. ಮಾತು ಮಾತ್ರ ಕಡಿಮೆ.

ಮೊದಲ ಮಳೆಗಾಲದಲ್ಲೇ ನನ್ನ ಬೆರಳ ಸಂದಿಗಳು ಬೆಳ್ಳಗೆ ನೆನೆದು ಸುಲಿದವು. ಕೆಳಗೆ ಹಸಿ ಕೆಂಪು. ಆಮೇಲೆ ಉಗುರಿನ ಬುಡ ಊದಿಕೊಂಡು ಒತ್ತಿದರೆ ಕೀವು ಬರುತ್ತಿತ್ತು. ಉಗುರುಗಳು ಕಂದಿ, ಸೊಟ್ಟಗಾದವು. ಸಾರನ್ನ ಕಲಸಿದರೆ ಕಣ್ಣಲ್ಲಿ ನೀರು. ಶೆಡ್ಡಿನಲ್ಲಿ ಬಹಳ ಹೆಂಗಸರಿಗೆ ಅದಿತ್ತು, ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಒಬ್ಬೊಬ್ಬರೂ ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದೆವು. ಭಾನುವಾರ ಬಂದರೆ ಗೋರಂಟಿ ಅರೆದು ಬೆರಳಿಗೆಲ್ಲ ಮೆತ್ತಿಕೊಳ್ಳುತ್ತಿದ್ದೆವು. ಅಂದಕ್ಕಲ್ಲ, ಮುಚ್ಚಿಡುವುದಕ್ಕೆ.

ಆ ವರ್ಷವೇ ನನ್ನನ್ನು ನೋಡಲು ತಿ. ನರಸೀಪುರದ ಕಡೆಯಿಂದ ಗಂಡಿನವರು ಬಂದರು. ಅಮ್ಮ ನನಗೆ ಹಿಂದಿನ ದಿನವೇ ಗೋರಂಟಿ ಹಚ್ಚಿ, "ಕೈ ಸೆರಗೊಳಗೇ ಇರ್ಲಿ" ಎಂದು ಹೇಳಿಕೊಟ್ಟಿದ್ದಳು. ಉಪ್ಪಿಟ್ಟಿನ ತಟ್ಟೆಗಳನ್ನು ಅಮ್ಮನೇ ಇಟ್ಟಳು. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಗಂಡಿನ ತಾಯಿಗೆ ನಾನು ಒಪ್ಪಿಗೆಯಾಗಿದ್ದೆ ಅಂತ ಕಾಣುತ್ತದೆ.

"ಎಲ್ಲಿ, ಕೈ ಕೊಡವ್ವ, ಬಳೆ ಅಳ್ತೆ ನೋಡ್ಬುಡ್ತೀನಿ" ಎಂದು ನಗುತ್ತಾ ಆಕೆ ನನ್ನ ಕೈ ಎಳೆದುಕೊಂಡರು.

ಬೆರಳುಗಳನ್ನು ಬಿಡಿಸಿ ನೋಡಿದರು. ಆ ನಗು ಹೋದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಏನವ್ವಾ ಇದು?" ಅಂದರು. ಅಮ್ಮ ಅವಸರದಿಂದ, "ಗೋರಂಟಿ ಜಾಸ್ತಿ ಹೊತ್ತು ಬುಟ್ಟು ಉರಿ ಆಗ್ಬುಟ್ಟದೆ ಕಣ್ರೀ" ಅಂದಳು. ಆಕೆ ನನ್ನ ಕೈ ಬಿಟ್ಟು, ತಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡರು. ಮತ್ತೆ ಮತ್ತೆ ಒರೆಸಿಕೊಂಡರು. ಉಪ್ಪಿಟ್ಟು ಮುಟ್ಟದೆ ಎಲ್ಲರೂ ಎದ್ದು ಹೋದರು.

ಸಂಜೆಗೆ ನಲ್ಲಿಯ ಹತ್ತಿರ ಸುದ್ದಿ ಹಬ್ಬಿತ್ತು. ದೊಡ್ಡ ರೋಗವಂತೆ. ಕುಷ್ಠ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ನನ್ನ ಬಿಂದಿಗೆಯಿಂದ ತಮ್ಮ ಬಿಂದಿಗೆಗಳನ್ನು ಸ್ವಲ್ಪ ದೂರ ಸರಿಸಿಟ್ಟರು, ಅಷ್ಟೇ. ನಾನು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟೆ. ಕೆಲಸಕ್ಕೂ ಹೋಗಲಿಲ್ಲ. ತಮ್ಮನ ತಟ್ಟೆ ತೊಳೆಯಲು ಕೂಡ ಹೆದರಿಕೆ. ಅಮ್ಮ ನನ್ನ ಲೋಟವನ್ನು ಬೇರೆ ಇಟ್ಟದ್ದನ್ನು ನೋಡಿದೆ...

ನಾಲ್ಕೈದು ದಿನ ನೋಡಿ ಅಕ್ಕ ಮನೆಗೇ ಬಂದಳು. ನಾನು ಗೋಡೆಗೆ ಮುಖಮಾಡಿ ಮಲಗಿದ್ದೆ. ಪಕ್ಕದಲ್ಲಿ ಕೂತು ತನ್ನ ಎರಡು ಅಂಗೈಗಳನ್ನೂ ನನ್ನ ಮುಂದೆ ಹಿಡಿದಳು. ಅವು ನನ್ನವಕ್ಕಿಂತ ಕೆಟ್ಟಿದ್ದವು. ಅಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ ನಾನು ಅವನ್ನು ಸರಿಯಾಗಿ ನೋಡಿರಲಿಲ್ಲ. ನೋಡದೆ ಇರುವುದೇ ನಮ್ಮೊಳಗಿನ ಮರ್ಯಾದೆಯಾಗಿತ್ತು.

"ಈ ಕೈಲಿ ಲಿಂಗ ಇಟ್ಕಳಕ್ಕೆ ನಾಚ್ಕೆ ಆಯ್ತದೆ ಕಣವ್ವ" ಅಂದಳು. "ವರ್ಷದ ಮೇಲಾಯ್ತು ಪೂಜೆ ಬುಟ್ಟು. ಕರಡಿಗೆ ಬಿಚ್ಚೋದೇ ಇಲ್ಲ. ಕಣ್ಣಿಗೊತ್ಕಂಡು ಉಣ್ಣೋದು, ಅಷ್ಟೇಯ. ಯಾರ ಕುಟ್ಟೂ ಹೇಳಿಲ್ಲ. ಏಳು, ಆಸ್ಪತ್ರೆಗೆ ಹೋಗಮ."

ಲಿಂಗಪೂಜೆಯಿಲ್ಲದೆ ತುತ್ತು ಎತ್ತದ ಮನೆತನದವಳು ಆ ಮಾತನ್ನು ಆಡಲು ಏನೆಲ್ಲ ಪಟ್ಟಿರಬೇಕು ಎಂಬುದು ನನಗೆ ಆಗ ಪೂರ್ತಿ ತಿಳಿಯಲಿಲ್ಲ.

ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಅವರ ಮೇಜಿನ ಮೇಲೆ ಅಕ್ಕ ಮೊದಲು ತನ್ನ ಕೈಗಳನ್ನಿಟ್ಟಳು, ಆಮೇಲೆ ನನ್ನವನ್ನು ಹಿಡಿದೆಳೆದು ಪಕ್ಕದಲ್ಲಿಟ್ಟಳು. ಡಾಕ್ಟರು ಬ್ಲೇಡಿನಿಂದ ಬೆರಳ ಸಂದಿಯನ್ನು ಮೆಲ್ಲಗೆ ಕೆರೆದು, ಗಾಜಿನ ತುಂಡಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರು.

"ಕುಷ್ಠ ಅಲ್ಲ, ಏನೂ ಅಲ್ಲ. ಉಪ್ಪಿನಕಾಯಿ ಮೇಲೆ ಬೂಷ್ಟು ಬರುತ್ತಲ್ಲ, ಆ ಜಾತಿದು. ಒದ್ದೆ ಇದ್ದ ಕಡೆ ಬೆಳೆಯುತ್ತೆ. ಈ ನೀಲಿ ಔಷಧಿ ದಿನಾ ಹಚ್ಚಬೇಕು, ಕೈ ಒಣಗಿರಬೇಕು. ಬಿಸಿನೀರು ಮುಟ್ಟಲೇಬಾರದು."

ಅಕ್ಕ ಸಣ್ಣಗೆ ನಕ್ಕಳು. "ಬಿಸಿನೀರೇ ನಮ್ಗೆ ಅನ್ನ, ಸ್ವಾಮಿ."

ಡಾಕ್ಟರು ಚೀಟಿ ಬರೆದುಕೊಟ್ಟರು. ಕಾಂಪೌಂಡರು ಹತ್ತಿಯಲ್ಲಿ ಅದ್ದಿ ಬಳಿದ. ಹೆಸರಿಗೆ ನೀಲಿ, ಮಣಿಕಟ್ಟಿನವರೆಗೂ ಕಡುನೇರಳೆ ಬಣ್ಣ! ಮುಚ್ಚಿಟ್ಟುಕೊಂಡಿದ್ದನ್ನು ಊರಿಗೆಲ್ಲ ಸಾರಿದ ಹಾಗಾಯಿತು. ಹೊರಗೆ ಬಂದವಳೇ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಅಕ್ಕ ಅವನ್ನು ಹೊರಗೆ ತೆಗೆಸಿದಳು. "ಮುಚ್ಚುದ್ರೆ ಒಣಗಾಕಿಲ್ಲ. ಬುಡು, ನೋಡೋರು ನೋಡ್ಲಿ" ಎಂದು ತನ್ನ ಎರಡು ನೇರಳೆ ಕೈಗಳನ್ನೂ ಬೀಸಿಕೊಂಡು ನಡೆದಳು. ಜನ ನಿಂತು ನೋಡಿದರು. ನಾನು ನೆಲ ನೋಡುತ್ತಾ ಅವಳ ಹಿಂದೆ ಹೋದೆ.

ನಮ್ಮ ಬೀದಿಗೆ ಬಂದಾಗ ನಲ್ಲಿಯ ಹತ್ತಿರ ನಿಂತು, "ಬೂಷ್ಟಂತೆ ಕಣ್ರಮ್ಮ, ಡಾಕ್ಟ್ರು ಕೆರೆದು ನೋಡವ್ರೆ. ಈ ಹುಡ್ಗಿ ಲೋಟ ಯಾರೂ ಬೇರೆ ಇಡಬೇಕಾಗಿಲ್ಲ" ಅಂದಳು. ಬಾಗಿಲಲ್ಲಿ ನಿಂತಿದ್ದ ಅಮ್ಮ ತಲೆ ತಗ್ಗಿಸಿದಳು.

ಮರುದಿನ ಕೆಲಸಕ್ಕೆ ಹೋದೆವು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಎರಡು ಲಡಿ ನೂಲನ್ನು ಎತ್ತಿ ಹಿಡಿದುಕೊಂಡು ಬಂದ. ಹೊನ್ನಿನ ಬಣ್ಣದ ನೂಲಿನಲ್ಲಿ ಅಲ್ಲಲ್ಲಿ ನೇರಳೆ ಗೆರೆ. ನಮ್ಮಿಬ್ಬರ ಕೈಯ ಔಷಧಿ ಬೇಸಿನ್ನಿನಲ್ಲಿ ಬಿಟ್ಟುಕೊಂಡಿತ್ತು. "ಬಣ್ಣದ ಕೈ ನೀರಿಗೆ ಹಾಕಂಗಿಲ್ಲ. ಔಷಧಿ ಬುಡ್ರಿ, ಇಲ್ಲ ಕೆಲ್ಸ ಬುಡ್ರಿ" ಅಂದ. ಇಡೀ ಶೆಡ್ಡು ನಮ್ಮನ್ನು ನೋಡುತ್ತಿತ್ತು.

ಅಕ್ಕ ರಾಟೆ ನಿಲ್ಲಿಸಿದಳು. ಕೈಯನ್ನು ಸೆರಗಿಗೆ ಒತ್ತಿ ಒರೆಸಿಕೊಂಡು, ಗೂಟದಲ್ಲಿದ್ದ ಊಟದ ಗಂಟು ತೆಗೆದುಕೊಂಡು, ಹೊರಟುಹೋದಳು. ನಾನು ಹುಣಸೆಹಣ್ಣು ಹಾಕಿ ಕೈ ಉಜ್ಜಿಕೊಂಡು ಮತ್ತೆ ಬೇಸಿನ್ನಿಗೆ ಇಳಿಸಿದೆ. ಅಪ್ಪ ಹಾಸಿಗೆಯಲ್ಲಿದ್ದರು, ಬೇರೆ ದಾರಿ ಕಾಣಲಿಲ್ಲ.

ಅಕ್ಕ ಮನೆಯಲ್ಲೇ ಊದಿನಕಡ್ಡಿ ಹೊಸೆಯುವ ಕೆಲಸ ಹಿಡಿದಳು. ಸಂಪಾದನೆ ಕಡಿಮೆ. ಒಂದು ಹೊತ್ತು ಉಣ್ಣುತ್ತಾಳೆ ಅಂತ ಅಕ್ಕಪಕ್ಕದವರು ಆಡಿಕೊಂಡರು. ಆದರೆ ಮಾಗಿಯ ಚಳಿ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ನನ್ನನ್ನು ಕೂಗಿ ಕರೆದು ಒಳಗೆ ಕೂರಿಸಿಕೊಂಡಳು. ಆಗ ತಾನೇ ಸ್ನಾನ ಮಾಡಿದ್ದಳು. ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು, ಬೆರಳೆಲ್ಲ ಅಗಲಿಸಿ ಕೂತಳು. ಸಂದಿಗಳಲ್ಲಿ ಹೊಸ ಚರ್ಮ ಬಂದಿತ್ತು. ಬೆರಳ ತುದಿಯಿಂದ ವಿಭೂತಿ ಹಚ್ಚಿದಳು. ನಾನು ನೋಡಬಾರದ್ದನ್ನು ನೋಡುತ್ತಿದ್ದೇನೆ ಅನ್ನಿಸಿ ಬಾಗಿಲ ಕಡೆ ತಿರುಗಿ ಕೂತೆ. ಪೂಜೆ ಮುಗಿಸಿ, "ನೀನೂ ಬಂದ್ಬುಡು ಕಣವ್ವ. ಗಂಜಿ ಆದ್ರೂ ಹಂಚ್ಕಂಡು ಕುಡ್ಯನ" ಅಂದಳು.

ತಮ್ಮನಿಗೆ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕ ಮೇಲೆ ನಾನೂ ಫಿಲೇಚರ್ ಬಿಟ್ಟೆ. ಅವಳ ಪಕ್ಕದಲ್ಲೇ ಕೂತು ಕಡ್ಡಿ ಹೊಸೆದೆ, ನೀಲಿ ಹಚ್ಚಿದೆ. ಕೈ ವಾಸಿಯಾಯಿತು. ಯಾದವಗಿರಿಯ ಮನೆಯೊಂದಕ್ಕೆ ನನ್ನನ್ನು ಕೊಟ್ಟರು. "ಹುಡುಗಿ ಮನೆಯಲ್ಲೇ ಇದ್ದವಳು" ಎಂದು ಅಮ್ಮ ಹೇಳಿದ್ದಳು. ನಾನು ಆ ಮಾತನ್ನು ಹಾಗೇ ಇರಗೊಟ್ಟೆ.

ಮದುವೆಯಾಗಿ ಎರಡನೆಯ ವರ್ಷವೋ ಏನೋ... ದೇವರಾಜ ಮಾರುಕಟ್ಟೆಯಲ್ಲಿ ಅತ್ತೆಯವರ ಜೊತೆ ಹೂವು ಕೊಳ್ಳುತ್ತಿದ್ದಾಗ ಅಕ್ಕ ಎದುರಿಗೆ ಬಂದಳು. ನನಗೆ ಗೊತ್ತಿಲ್ಲದೆಯೇ "ಅಕ್ಕಾ!" ಎಂದು ಕೂಗಿಬಿಟ್ಟೆ. ಅತ್ತೆಯವರು ತಿರುಗಿ, "ಯಾರಮ್ಮ ಇವರು, ನಿನಗೆ ಹೇಗೆ ಗೊತ್ತು?" ಎಂದು ಕೇಳಿದರು. ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಅಕ್ಕ ನನ್ನ ಮುಖವನ್ನು ಒಂದು ಸಲ ನೋಡಿದಳು.

"ಇವ್ರ ತಾಯಿ ಮನೆಗೆ ಊದಿನಕಡ್ಡಿ ಕೊಡ್ತಿದ್ದೆ ಕಣಮ್ಮ. ಅದುಕ್ಕೇ ಗುರ್ತು" ಎಂದು ಅತ್ತೆಯವರಿಗೆ ಹೇಳಿ, "ಚೆನ್ನಾಗಿದೀರಾ ಅಮ್ಮಾವ್ರೇ?" ಎಂದು ನನ್ನನ್ನು ಕೇಳಿದಳು. ಅವಳು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೊಂದೇ ಸಲ. ಜನರ ನಡುವೆ ಸರಿದು ಹೋದಳು. ನನಗೆ ಆಗ ಆದದ್ದು ದುಃಖವಲ್ಲ, ಬದುಕಿದೆನಲ್ಲಾ ಎಂಬ ನೆಮ್ಮದಿ. ಆ ನೆಮ್ಮದಿಯನ್ನು ನೆನೆದರೆ ಈಗಲೂ ತಲೆ ಎತ್ತಲಾಗುವುದಿಲ್ಲ. ನಮ್ಮ ಯಜಮಾನರು ತೀರಿಕೊಳ್ಳುವವರೆಗೂ ಅವರಿಗೆ ಫಿಲೇಚರಿನ ವಿಷಯ ತಿಳಿಯಲಿಲ್ಲ.

ಮೊನ್ನೆ ಬೆಂಗಳೂರಿನ ಮದುವೆಯಿಂದ ವಾಪಸು ಬಂದ ವಾರವೇ ಆಟೋ ಹಿಡಿದು ಕುಂಬಾರಕೊಪ್ಪಲಿಗೆ ಹೋದೆ. ವಿಚಾರಿಸುತ್ತಾ ವಿಚಾರಿಸುತ್ತಾ ಅಕ್ಕನ ಅಣ್ಣನ ಮಗಳ ಮನೆ ಸಿಕ್ಕಿತು. ಓದುವುದಕ್ಕೆಂದು ಹಳ್ಳಿಯಿಂದ ಬಂದು ಅಕ್ಕನ ಹತ್ತಿರವೇ ಬೆಳೆದವಳಂತೆ. ಅವಳಿಗೂ ಈಗ ತಲೆ ನರೆತಿದೆ. ಅಕ್ಕ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

"ನೀವ್ಯಾರು ಅಂತ ಗೊತ್ತಾಗ್ಲಿಲ್ವಲ್ಲ" ಅಂದಳು.

ಅರವತ್ತು ವರ್ಷ ಯಾರಿಗೂ ಹೇಳದೆ ಇದ್ದುದನ್ನು ಹೇಳಿದೆ. "ಫಿಲೇಚರಿನಲ್ಲಿ ನಿಮ್ಮತ್ತೆ ಪಕ್ಕದ ಬೇಸಿನ್ನಿನಲ್ಲಿ ಕೂರ್ತಿದ್ದವಳು ಕಣಮ್ಮ."

ಅವಳು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು. "ಫಿಲೇಚರಾ? ನಮ್ಮತ್ತೆ ಅಲ್ಲಿಗೆ ಹೋಗ್ತಿದ್ರಾ? ಇಲ್ಲ ಕಣಮ್ಮ, ನೀವು ಬೇರೆ ಯಾರನ್ನೋ ಅಂದ್ಕೊಂಡಿದೀರಿ. ನಮ್ಮತ್ತೆ ಮೊದ್ಲಿಂದ್ಲೂ ಊದಿನಕಡ್ಡೀನೇ ಹೊಸೀತಿದ್ದುದ್ದು. ಅವ್ರೇ ಹೇಳ್ತಿದ್ರು."

ಅಕ್ಕನೂ ಮುಚ್ಚಿಟ್ಟುಕೊಂಡೇ ಹೋಗಿದ್ದಳು. ಅವಳು ಕೊಟ್ಟ ಕಾಫಿ ಕುಡಿದು, "ಹಾಗೇ ಇರಬೇಕು, ವಯಸ್ಸಾಯ್ತು ನೋಡಮ್ಮ" ಎಂದು ಎದ್ದುಬಂದೆ.