ಅಯ್ಯನವರು ಉಂಡ ರೊಟ್ಟಿ

ಮಣಿಕೊಂಡದ ಆಚೆ, ಏಳುತ್ತಿದ್ದ ದೊಡ್ಡ ಕಟ್ಟಡಗಳ ಹಿಂದೆ, ತೆಲುಗು ಸೀಮೆಯ ಮಹಾನಗರಕ್ಕೆ ದುಡಿಯಲು ಬಂದ ನಮ್ಮ ಕಡೆಯ ಕೂಲಿಯವರ ತಗಡಿನ ಶೆಡ್ಡುಗಳಿದ್ದವು. ಅಂಥದೇ ಶೆಡ್ಡಿನಲ್ಲಿ ಕೂತು ಓದಿ ಡಿಗ್ರಿ ಮುಗಿಸಿದವಳು ನಾನು. ನಮ್ಮ ಮನೆತನದಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎಚ್‌ಐವಿ ಬಗ್ಗೆ ತಿಳಿವಳಿಕೆ ಕೊಡುವ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಾಗ ಆ ಶೆಡ್ಡುಗಳಿಗೇ ಮರಳಿ ಹೋದೆ. ಮಾತೆತ್ತಿದರೆ ಗಂಡಸರು ಎದ್ದು ಹೋಗುತ್ತಿದ್ದರು. "ಲಗ್ನ ಆಗಲಾರದ ಹುಡುಗಿ ಎಂಥಾ ಪಾಠ ಹೇಳತೈತಿ ನೋಡವಾ" ಎಂದು ಹೆಂಗಸರು ನಗುತ್ತಿದ್ದರು.

ಅದಕ್ಕೇ ನಮ್ಮವರ ಜಂಗಮ ಅಯ್ಯನವರನ್ನು ಹಿಡಿದೆವು. ಮದುವೆ, ತೊಟ್ಟಿಲು, ಸಾವು ಎಲ್ಲಕ್ಕೂ ಶೆಡ್ಡಿನವರಿಗೆ ಅವರೇ ಬೇಕು. ಮಸೀದಿಯ ಮೌಲ್ವಿ, ಚರ್ಚಿನ ಪಾದ್ರಿಯವರ ಜೊತೆ ನಮ್ಮ ತರಬೇತಿಗೆ ಬಂದು ಕೂತರು. ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಉಂಡರೆ ಬರುವುದಿಲ್ಲ, ಯಾರಿಗಿದೆ ಎಂಬುದನ್ನು ಅವರ ಒಪ್ಪಿಗೆಯಿಲ್ಲದೆ ಬಾಯಿಬಿಡಬಾರದು. ಎಲ್ಲಕ್ಕೂ ತಲೆಯಾಡಿಸಿದರು. "ನಾ ಹೇಳಿದ್ರ ಕೇಳ್ತಾರ ತಗೋ ಮಗಳ" ಎಂದರು.

ಆ ಶೆಡ್ಡುಗಳಲ್ಲಿ ಒಬ್ಬ ಹೆಣ್ಣುಮಗಳು ಒಂಟಿ ಗಂಡಸರಿಗೆ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಗಂಡ ಹಾಸಿಗೆ ಹಿಡಿದಿದ್ದ. ಅವನಿಗೂ ಅವಳಿಗೂ ಎಚ್‌ಐವಿ ಇರುವುದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗುಳಿಗೆಗಳನ್ನು ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಡುತ್ತಿದ್ದಳು. "ಗೊತ್ತಾದ್ರ ನನ್ನ ರೊಟ್ಟಿ ಯಾರ್ ತಿಂತಾರ ತಂಗಿ?" ಎನ್ನುವಳು.

ಗಂಡ ಚಿಕಿತ್ಸೆಗೆ ಬಂದದ್ದೇ ತಡವಾಗಿ, ಉಳಿಯಲಿಲ್ಲ. ನಮ್ಮಲ್ಲಿ ಹೆಣವನ್ನು ಕೂರಿಸಿ, ಅಯ್ಯನವರು ನೆತ್ತಿಯ ಮೇಲೆ ಪಾದವಿಟ್ಟ ಮೇಲೆಯೇ ಮಣ್ಣು ಕೊಡುವುದು. ಅವಳು ಅಯ್ಯನವರನ್ನು ಮರೆಗೆ ಕರೆದು ಎಲ್ಲ ಹೇಳಿಬಿಟ್ಟಳು. ಯಾಕೆ ಹೇಳಿದಿರಿ ಎಂದು ನಾನು ಕೇಳಿದರೆ, "ಪಾದ ಇಡೋರಿಗೆ ಮುಚ್ಚಿಟ್ರ ಸತ್ತಾಂವಗ ದಾರಿ ಸಿಗತೈತೇನು?" ಎಂದಳು.

ಅಯ್ಯನವರು ಹಿಂಜರಿಯಲಿಲ್ಲ. ಪಾದವಿಟ್ಟರು. ಹಾಗೆಯೇ ಮಂದಿಯ ಕಡೆ ತಿರುಗಿದರು.

"ನೋಡ್ರಿಪಾ, ಇಂವ ಎಚ್‌ಐವಿಯಿಂದ ಸತ್ತಾನ. ನಾ ಪಾದ ಇಟ್ಟೀನಿ, ನನಗೇನಾತು? ಮುಟ್ಟಿದ್ರ ಬರೂದಿಲ್ಲ. ಈ ಹೆಣ್ಣಮಗಳಿಗೂ ಐತಿ, ದೂರ ಇಡಬ್ಯಾಡ್ರಿ. ನೀವೂ ಹೋಗಿ ರಕ್ತ ತೋರಿಸ್ಕೊಳ್ರಿ."

ಬಹುಪಾಲು ನಾವು ಕಲಿಸಿದ ಮಾತುಗಳೇ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು. ಮಂದಿ ಮಣ್ಣು ಹಾಕಿ, ಅಯ್ಯನವರ ಕಾಲಿಗೆ ಬಿದ್ದು ಹೋದರು.

ಕಾರ್ಯ ಮುಗಿಸಿ ಅವಳು ಮತ್ತೆ ಒಲೆ ಹಚ್ಚಿದಳು. "ಇವತ್ತ ಉಪಾಸ ಐತಿ ಅಕ್ಕಾ" ಎಂದ ಗೋಡೆ ಕಟ್ಟುವ ಒಬ್ಬ ಗೌಂಡಿ. "ಎಲ್ಲಿ ಉಪಾಸಲೇ, ಈಗ ಮಿರ್ಚಿ ತಿಂದ ಬಂದಿ" ಎಂದು ಜೊತೆಯವನು ನಕ್ಕ. ಅವನೂ ತೆಗೆದುಕೊಳ್ಳಲಿಲ್ಲ.

ಅಯ್ಯನವರಿಗೆ ಸುದ್ದಿ ಮುಟ್ಟಿಸಿದೆ. ಬಂದವರೇ ಅವಳ ಬಾಗಿಲ ಹೊರಗೆ, ಎಲ್ಲರೂ ಕಾಣುವಂತೆ ಕೂತು, ರೊಟ್ಟಿ ಪುಂಡಿಪಲ್ಯ ಬಡಿಸಿಕೊಂಡು ಉಂಡರು. ಅವರು ಕೈ ತೊಳೆದ ಮೇಲೂ ರೊಟ್ಟಿಯ ಬುಟ್ಟಿಗೆ ಯಾರೂ ಕೈ ಹಾಕಲಿಲ್ಲ. ಮೇಸ್ತ್ರಿಯ ಹೆಂಡತಿ ಪಕ್ಕದವಳಿಗೆ, "ಅಯ್ಯನೋರಿಗೇನವಾ, ಕೊರಳಾಗಿನ ಲಿಂಗ ಕಾಯತೈತಿ. ನಮ್ಮನ್ನ ಯಾರ್ ಕಾಯ್ತಾರ?" ಎಂದಳು.

ಅಯ್ಯನವರಿಗೂ ಕೇಳಿಸಿತು. "ನಾ ಚಲೋದಕ್ಕ ಹೇಳಿದ್ನೆವ್ವಾ" ಎಂದರು ರೊಟ್ಟಿಯವಳಿಗೆ.

"ಹೌದ್ರಿ ಅಜ್ಜಾ. ಇವತ್ತ ನೀವು ಉಂಡ್ರಿ. ನಾಳಿಗೆ?"

ಅವರು ಶಾಲು ಸರಿಪಡಿಸಿಕೊಂಡು ಎದ್ದರು.

ಆ ವಾರ, ನಾನು ಎಷ್ಟು ಕರೆದರೂ ಬಾರದಿದ್ದ ಗಂಡಸರು ತಾವಾಗಿಯೇ ರಕ್ತಪರೀಕ್ಷೆಗೆ ಬಂದರು. ಅಯ್ಯನವರ ಮಾತು ಕೆಲಸ ಮಾಡಿತು ಎಂದು ಆಫೀಸಿನಲ್ಲಿ ಎಲ್ಲರಿಗೂ ಸಂತೋಷ. ಸಾಲಿನಲ್ಲಿ ನಿಂತ ಆ ಗೌಂಡಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: "ಅಕ್ಕಾರ, ಭಾಳ ದಿನ ಆಕಿ ರೊಟ್ಟಿ ತಿಂದೀನ್ರಿ. ಬಂದಿರತೈತೇನ್ರಿ?"

ಅವಳು ರೊಟ್ಟಿ ಮಾರುವುದನ್ನು ಬಿಟ್ಟು, ನಗರದ ಇನ್ನೊಂದು ತುದಿಯ ಮಲ್ಕಾಜ್‌ಗಿರಿಯಲ್ಲಿ ಮನೆಗೆಲಸ ನೋಡಿಕೊಂಡಳು. ಗುಳಿಗೆ ಅಲ್ಲಿಗೆ ಹತ್ತಿರದ ಆಸ್ಪತ್ರೆಯಲ್ಲಿ ಸಿಗುವಂತೆ ಮಾಡಿಸಿಕೊಟ್ಟೆ. ಬಸ್ಸಿಗೆ ಕಾಯುವಾಗ ನೋಡಿದರೆ ಗಂಟಿನಲ್ಲಿ ರೊಟ್ಟಿಯ ಹಂಚು ಇರಲಿಲ್ಲ.

"ಆ ಓಣ್ಯಾಗ ನಮ್ಮ ಮಂದಿ ಯಾರರ ಅದಾರೇನ್ ತಂಗಿ?"

"ಇಲ್ರಿ ಅಕ್ಕಾ. ಎಲ್ಲಾ ತೆಲುಗಿನವರು."

"ಹಂಗಾರ ಚಲೋ ಆತು" ಎಂದು ಬಸ್ಸು ಹತ್ತಿದಳು.